ಮೋಟಾರು ಕಾರಿನ ಎಣ್ಣೆ ಪಂಪಿನ ವಿದ್ಯುತ್ ಕವಾಟವೂ ಅದನ್ನು ಬದಲಾಯಿಸುವ ಕ್ರಮವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಮೋಟಾರು ಕಾರೆಂಬುದು ಈಗ ಪೇಟೆಯವರ ಸೊತ್ತಾಗಿ ಮಾತ್ರ ಉಳಿದಿಲ್ಲ. ಅಡಿಕೆ ತೆಂಗುಗಳ ತೋಟವುಳ್ಳ ಜಮೀನುದಾರರಲ್ಲಿ ಅನೇಕರು ಕಾರನ್ನು ಇಟ್ಟಿರುತ್ತಾರೆ. ಬಿತ್ತನೆಯ ಕಾಲದಲ್ಲಿ ಬೀಜ ಗೊಬ್ಬರಗಳ ವಿಚಾರಕ್ಕೂ, ಸುಗ್ಗಿಯಲ್ಲಿ ಮಂಡಿಯ ವ್ಯವಹಾರಕ್ಕೂ, ಅಪರಾತ್ರಿಯಲ್ಲಿ ಊರಿನ ರೋಗಿಯೊಬ್ಬರನ್ನು ದುರ್ಗದ ಆಸ್ಪತ್ರೆಗೆ ಸೇರಿಸುವುದಕ್ಕೂ ಗ್ರಾಮದ ಮುಖಂಡರ ಮನೆಯ ಗಾಡಿಯೇ ಹೊರಡಬೇಕಾಗುತ್ತದೆ. ಇಂಥ ಗಾಡಿಯ ಎಂಜಿನ್ನು ಎಣ್ಣೆಯಿಲ್ಲದೆ ಹಿಡಿದುಕೊಂಡಿತೆಂದರೆ ಅದನ್ನು ಬಿಚ್ಚಿ ಜೋಡಿಸುವ ಖರ್ಚು ಒಂದು ಜೊತೆ ಒಳ್ಳೆಯ ಎತ್ತುಗಳ ಕ್ರಯವನ್ನು ಮುಟ್ಟಬಹುದು. ಆದಕಾರಣ, ಹೊಸ ಮಾದರಿಯ ಕಾರುಗಳಲ್ಲಿ ಬಂದಿರತಕ್ಕ ಒಂದು ಸಣ್ಣ ಭಾಗದ ವಿಷಯವಾಗಿ ಕೆಲವು ಸಂಗತಿಗಳನ್ನು ಇಲ್ಲಿ ತಿಳಿಸಲಾಗಿದೆ. ಈ ಭಾಗಕ್ಕೆ ಎಣ್ಣೆ ಪಂಪಿನ ಸೊಲೆನಾಯ್ಡ್ ಕವಾಟವೆಂದು ಹೆಸರು.

ಮೊದಲು ಎಣ್ಣೆಯ ಪ್ರಯಾಣವನ್ನು ತಿಳಿಯಬೇಕು. 1908ರಲ್ಲಿ ಅಮೆರಿಕದಲ್ಲಿ ಹೊರಟ ಫೋರ್ಡ್ ಟಿ ಮಾದರಿಯ ಕಾರಿಗೆ ಎಣ್ಣೆ ಪಂಪೇ ಇರಲಿಲ್ಲ. ತಿರುಗುವ ಚಕ್ರವು ಎರಚಿದ ಎಣ್ಣೆಯೇ ಎಲ್ಲ ಭಾಗಗಳಿಗೂ ಸಾಕಾಗುತ್ತಿತ್ತು. ಈಗಿನ ಎಂಜಿನ್ನುಗಳು ನಿಮಿಷಕ್ಕೆ ಹಲವು ಸಾವಿರ ಸುತ್ತು ತಿರುಗುವುದರಿಂದ ಎರಚಿದ ಎಣ್ಣೆ ಯಾತಕ್ಕೂ ಸಾಲದು. ಎಂಜಿನ್ನಿನ ತಳದಲ್ಲಿರುವ ತೊಟ್ಟಿಯಿಂದ ಪಂಪು ಎಣ್ಣೆಯನ್ನು ಜಾಲರಿಯ ಮೂಲಕ ಹೀರಿ, ಸೋಸುವ ಡಬ್ಬಿಯೊಳಗೆ ಹಾಯಿಸಿ, ಒತ್ತಡದಿಂದ ಬೇರಿಂಗುಗಳಿಗೂ ಕವಾಟಗಳ ದಂಡಕ್ಕೂ ಟರ್ಬೋ ಯಂತ್ರಕ್ಕೂ ಕಳುಹಿಸುತ್ತದೆ. ಬೇರಿಂಗು ಮತ್ತು ದಂಡದ ನಡುವೆ ನಿಂತಿರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ಅದು ಹರಿದರೆ ಲೋಹವು ಲೋಹವನ್ನು ತಿನ್ನುತ್ತದೆ.

ಪಂಪನ್ನು ಎಂಜಿನ್ನೇ ತಿರುಗಿಸುವುದರಿಂದ ವೇಗ ಹೆಚ್ಚಿದಂತೆ ಎಣ್ಣೆಯೂ ಹೆಚ್ಚುತ್ತದೆ. ಹಳೆಯ ಮಾದರಿಗಳಲ್ಲಿ ಹೆಚ್ಚಾದ ಎಣ್ಣೆಯನ್ನು ಸ್ಪ್ರಿಂಗಿನ ಕವಾಟವೊಂದು ತೊಟ್ಟಿಗೇ ಹಿಂದಕ್ಕೆ ಬಿಡುತ್ತಿತ್ತು. ನಮ್ಮವರಿಗೆ ಇದು ಕೆರೆಯ ಕೋಡಿಯಿಂದ ಸುಲಭವಾಗಿ ತಿಳಿಯುವ ವಿಚಾರ. ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರ ತರುವಾಯ 2022ರಲ್ಲಿ ಕೋಡಿ ಬಿದ್ದಾಗ ಹಿರಿಯೂರಿನ ಜನರು ಹಿಗ್ಗಿದರು. ಆದರೆ ಎಂಜಿನ್ನಿನೊಳಗೆ ದಿನವಿಡೀ ಕೋಡಿ ಹರಿಯುವುದೆಂದರೆ ಎತ್ತಿದ ಎಣ್ಣೆಯನ್ನೇ ಪುನಃ ಎತ್ತುವ ದಂಡದ ಕೆಲಸ, ಅಷ್ಟು ಇಂಧನವೂ ವ್ಯರ್ಥ. ಇದನ್ನು ತಪ್ಪಿಸುವುದಕ್ಕಾಗಿ, ಬೇಕಾದಷ್ಟೇ ಎಣ್ಣೆಯನ್ನು ಎತ್ತುವ ಪಂಪುಗಳನ್ನು ನಿರ್ಮಿಸಿದರು. ಅವುಗಳೊಳಗೆ ಅತ್ತಿತ್ತ ಸರಿಯುವ ಉಂಗುರವೊಂದು ಇರುತ್ತದೆ. ಉಂಗುರ ಒಂದು ಕಡೆಗೆ ಸರಿದರೆ ಎಣ್ಣೆ ಹೆಚ್ಚು, ಮತ್ತೊಂದು ಕಡೆಗೆ ಸರಿದರೆ ಕಡಿಮೆ. ಉಂಗುರವನ್ನು ಸರಿಸುವ ಎಣ್ಣೆಯ ಕಿರುಗಾಲುವೆಗೆ ಇರುವ ತೂಬೇ ನಮ್ಮ ಸೊಲೆನಾಯ್ಡ್ ಕವಾಟ. ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಒಳಗಿನ ಕಬ್ಬಿಣದ ಕಡ್ಡಿಯನ್ನು ಎಳೆಯುತ್ತದೆ, ತೂಬು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ನೀರುಗಂಟಿಗೆ ಅಪ್ಪಣೆ ಕೊಡುವಂತೆ ಇದಕ್ಕೆ ಅಪ್ಪಣೆ ಕೊಡುವುದು ಎಂಜಿನ್ನಿನ ಗಣಕ ಪೆಟ್ಟಿಗೆ. ಹೆಸರಾದ ಒಂದು ಜರ್ಮನ್ ಎಂಜಿನ್ನಿನಲ್ಲಿ ಕೆಳಗಿನ ಮಟ್ಟ ಸುಮಾರು 1.8 ಬಾರ್, ಮೇಲಿನ ಮಟ್ಟ ಸುಮಾರು 3.3 ಬಾರ್ ಎಂದು ಗೊತ್ತುಪಡಿಸಿದ್ದಾರೆ. ಕಾರಿನ ಚಕ್ರಕ್ಕೆ ನಾವು ತುಂಬಿಸುವ 33 ಪೌಂಡು ಗಾಳಿಯು ಸುಮಾರು 2.3 ಬಾರ್ ಆಗುವುದರಿಂದ ಈ ಅಂಕಿಗಳನ್ನು ಊಹಿಸಿಕೊಳ್ಳಬಹುದು.

ಈ ಕವಾಟವು ಎರಡು ಬಗೆಯಾಗಿ ಕೆಡುತ್ತದೆ. ಈ ಭೇದವನ್ನು ಓದುಗರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಸುರುಳಿ ಸುಟ್ಟುಹೋದರೆ, ಅಥವಾ ತಂತಿಯನ್ನು ಇಲಿ ಕಡಿದರೆ (ಕಣಜದ ಪಕ್ಕದಲ್ಲಿ ಕಾರು ನಿಲ್ಲಿಸುವ ಮನೆಗಳಲ್ಲಿ ಇದು ಅಪರೂಪವಲ್ಲ), ಕವಾಟಕ್ಕೆ ವಿದ್ಯುತ್ತು ಮುಟ್ಟುವುದಿಲ್ಲ. ಬಹುಪಾಲು ತಯಾರಿಕೆಗಳಲ್ಲಿ ವಿದ್ಯುತ್ತಿಲ್ಲದಾಗ ಪಂಪು ಪೂರ್ಣ ಒತ್ತಡವನ್ನೇ ಕೊಡುವಂತೆ ಏರ್ಪಾಡು ಮಾಡಿರುತ್ತಾರೆ. ಆಗ ಎಂಜಿನ್ನಿನ ಆಕಾರದ ಹಳದಿ ದೀಪ ಹತ್ತುತ್ತದೆ, ಇಂಧನ ತುಸು ಹೆಚ್ಚು ಖರ್ಚಾಗುತ್ತದೆ. ಎಂಜಿನ್ನಿಗೆ ಒಡನೆಯೇ ಅಪಾಯವಿಲ್ಲ. ಎರಡನೆಯ ಬಗೆಯಲ್ಲಿ, ಕೊಳಕು ಎಣ್ಣೆಯ ಜಿಡ್ಡು ಸೇರಿ ಕಡ್ಡಿಯು ಕಡಿಮೆ ಒತ್ತಡದ ಕಡೆಯಲ್ಲೇ ಕಚ್ಚಿಕೊಳ್ಳುತ್ತದೆ. ಊರೊಳಗೆ ಮೆಲ್ಲಗೆ ಓಡುವಾಗ ಏನೂ ತಿಳಿಯದು. ಹೆದ್ದಾರಿಗೆ ಏರಿ ಹಿರಿಯೂರಿನಿಂದ ದುರ್ಗದವರೆಗಿನ ಸುಮಾರು 40 ಕಿಲೋಮೀಟರನ್ನು ವೇಗವಾಗಿ ಓಡಿಸಿದಾಗ ಬೇರಿಂಗಿಗೂ ಟರ್ಬೋವಿಗೂ ಎಣ್ಣೆ ಸಾಲದೆ ಬರುತ್ತದೆ.

ಎಣ್ಣೆಗಿಂಡಿಯ ಆಕಾರದ ಕೆಂಪು ದೀಪವು ಓಡುವಾಗ ಹತ್ತಿದರೆ, ಅದು ಯಾವ ಕಾರಣದಿಂದಲೇ ಆಗಲಿ, ಗಾಡಿಯನ್ನು ರಸ್ತೆಯ ಅಂಚಿಗೆ ತಂದು ಆ ಕ್ಷಣವೇ ಎಂಜಿನ್ನನ್ನು ನಿಲ್ಲಿಸತಕ್ಕದ್ದು. "ಇನ್ನೆರಡು ಮೈಲಿಯಲ್ಲಿ ಊರು ಬಂತು" ಎಂಬ ಮಾತಿಗೆ ಕಿವಿಗೊಡಕೂಡದು. ಆ ಎರಡು ಮೈಲಿಯಲ್ಲೇ ಎಂಜಿನ್ನು ಹೋಗುತ್ತದೆ. ಸಮನಾದ ನೆಲದಲ್ಲಿ ಕೆಲವು ನಿಮಿಷ ಬಿಟ್ಟು ಅಳತೆ ಕಡ್ಡಿಯಿಂದ ಎಣ್ಣೆಯನ್ನು ನೋಡಿ, ಕಡಿಮೆಯಿದ್ದರೆ ತುಂಬಬೇಕು. ತುಂಬಿಯೂ ದೀಪ ಆರದಿದ್ದರೆ ಗಾಡಿಯನ್ನು ಮತ್ತೊಂದರ ಮೇಲೆ ಹೇರಿಸಿ ಸಾಗಿಸುವುದೇ ಸರಿ. ಮನೆಯ ಡ್ರೈವರಿಗೂ, ಕಾರು ಓಡಿಸುವ ಮಕ್ಕಳಿಗೂ ಈ ಒಂದು ಸಂಗತಿಯನ್ನು ಹೇಳಿಕೊಟ್ಟಿರಬೇಕು.

ದೀಪ ಹತ್ತಿದೊಡನೆ ಕವಾಟವೇ ಕೆಟ್ಟಿತೆಂದು ಅಂಗಡಿಗೆ ಓಡುವುದೂ ಸಲ್ಲದು. ನಮ್ಮ ಸೀಮೆಯಲ್ಲಿ ಮೊದಲು ಶಂಕಿಸಬೇಕಾದದ್ದು ಬೇರೆ. ಹೊಳಲ್ಕೆರೆ ಹೊಸದುರ್ಗಗಳ ಕಡೆ ತೋಟದ ದಾರಿಗಳಲ್ಲಿ ಎದ್ದುನಿಂತ ಕಲ್ಲುಗಳು ಗಾಡಿಯ ಹೊಟ್ಟೆಗೆ ತಗಲುತ್ತವೆ. ಎಣ್ಣೆಯ ತೊಟ್ಟಿ ಒಳಕ್ಕೆ ನೆಗ್ಗಿದರೆ ಅದರ ತಳವು ಹೀರುವ ಜಾಲರಿಯ ಬಾಯಿಗೆ ಅಡ್ಡ ಬರುತ್ತದೆ. ಎಣ್ಣೆ ಸೋರದಿದ್ದರೂ ಒತ್ತಡ ಇಳಿಯುತ್ತದೆ. ಗಾಡಿಯ ಕೆಳಗೆ ಬಗ್ಗಿ ನೋಡುವುದಕ್ಕೆ ಕಾಸಿನ ಖರ್ಚಿಲ್ಲ. ಎರಡನೆಯದಾಗಿ, ಒತ್ತಡವನ್ನು ಅಳೆಯುವ ಸೂಚಕವೇ ಕೆಟ್ಟಿರಬಹುದು. ಅದರ ಬೆಲೆ ಕಡಿಮೆ, ಬದಲಾಯಿಸುವುದೂ ಸುಲಭ. ಸೋಸುವ ಡಬ್ಬಿ ಕಟ್ಟಿಕೊಂಡಿರಬಹುದು. ಪಂಪೇ ಸವೆದಿರಬಹುದು.

ಇವನ್ನು ಬೇರ್ಪಡಿಸಿ ತಿಳಿಯುವುದಕ್ಕೆ ಎರಡು ಸಾಧನಗಳುಂಟು. ನಮ್ಮ ದೇಶದಲ್ಲಿ 2013ರ ಏಪ್ರಿಲಿನಿಂದೀಚೆಗೆ ತಯಾರಾದ ಕಾರುಗಳು ತಮ್ಮ ದೋಷವನ್ನು ಸಂಕೇತದ ರೂಪದಲ್ಲಿ ನೆನಪಿಟ್ಟುಕೊಂಡಿರುತ್ತವೆ. ಅದನ್ನು ಓದುವ ಚಿಕ್ಕ ಉಪಕರಣ ಸಾಧಾರಣ ಕಾರ್ಖಾನೆಗಳಲ್ಲಿಯೂ ದೊರೆಯುತ್ತದೆ. ಪಿ06ಡಿಎ ಎಂದು ಬಂದರೆ ಒತ್ತಡ ನಿಯಂತ್ರಿಸುವ ವಿದ್ಯುತ್ ದಾರಿಯಲ್ಲಿ ದೋಷ. ಪಿ06ಡಿಡಿ ಎಂದರೆ ನಿಯಂತ್ರಣ ಕಚ್ಚಿಕೊಂಡಿದೆ ಅಥವಾ ಸರಿಯಾಗಿ ನಡೆಯುತ್ತಿಲ್ಲ. ಪಿ0522 ಎಂದರೆ ಸೂಚಕದ ಕಡೆಗೆ ನೋಡಬೇಕು. ಪಿ0524 ಎಂದರೆ ಒತ್ತಡವೇ ಬಹಳ ಇಳಿದಿದೆ. ಸಂಕೇತವು ದಾರಿ ತೋರಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ತೀರ್ಪು ಕೊಡತಕ್ಕದ್ದು ಎರಡನೆಯ ಸಾಧನವಾದ ಮುಳ್ಳಿನ ಒತ್ತಡಮಾಪಕ. ಸೂಚಕವನ್ನು ಬಿಚ್ಚಿ ಆ ಸ್ಥಳದಲ್ಲಿ ಮಾಪಕವನ್ನು ತಿರುಗಿಸಿ, ಎಂಜಿನ್ನು ಬಿಸಿಯಾದ ಮೇಲೆ ನಿಧಾನ ಗತಿಯಲ್ಲಿಯೂ ವೇಗದಲ್ಲಿಯೂ ಓದಿ, ತಯಾರಕರ ಪುಸ್ತಕದ ಅಂಕಿಗೆ ಹೋಲಿಸಬೇಕು. ಮಾಪಕವಿಲ್ಲದೆ ಕವಾಟವನ್ನು ಬದಲಾಯಿಸಿರೆಂದು ಹೇಳುವ ಕೆಲಸಗಾರನಲ್ಲಿಗೆ ಗಾಡಿಯನ್ನು ಬಿಡದಿರುವುದು ಮೇಲು.

ಕವಾಟವೇ ಕೆಟ್ಟಿದೆಯೆಂದು ಸ್ಥಿರವಾದ ಮೇಲೆ ಭಾಗವನ್ನು ಕೊಳ್ಳುವಲ್ಲಿ ಎಚ್ಚರಿಕೆ ಬೇಕು. ಅಂಗಡಿಯಲ್ಲಿ ಬರಿದೆ "ಸೊಲೆನಾಯ್ಡ್" ಎಂದರೆ ಸಾಲದು. ಎಂಜಿನ್ನನ್ನು ಚಾಲೂ ಮಾಡುವ ಮೋಟಾರಿಗೂ ಸೊಲೆನಾಯ್ಡ್ ಉಂಟು. ಅನೇಕ ಟ್ರಾಕ್ಟರುಗಳಲ್ಲಿ ಡೀಸೆಲನ್ನು ತಡೆದು ಎಂಜಿನ್ನು ನಿಲ್ಲಿಸುವುದಕ್ಕೂ ಒಂದುಂಟು. ಸಾಧಾರಣ ಟ್ರಾಕ್ಟರಿನ ಎಣ್ಣೆ ಪಂಪಿಗೆ ಈ ಹೊಸ ಬಗೆಯ ಕವಾಟ ಇರುವುದೇ ಇಲ್ಲ. ಗಾಡಿಯ ಚಾಸಿ ಸಂಖ್ಯೆಯನ್ನೂ ಹಳೆಯ ಭಾಗದ ಮೇಲಿನ ಸಂಖ್ಯೆಯನ್ನೂ ಬರೆದುಕೊಂಡು ಹೋಗತಕ್ಕದ್ದು. ಕವಾಟದೊಡನೆ ಹೊಸ ರಬ್ಬರು ಉಂಗುರ, ಸೋಸುವ ಡಬ್ಬಿ ಮತ್ತು ಎಣ್ಣೆ ಇವನ್ನೂ ಒಟ್ಟಿಗೆ ತರಬೇಕು.

ಕೆಲವು ಎಂಜಿನ್ನುಗಳಲ್ಲಿ ಕವಾಟವು ಹೊರಮೈಯಲ್ಲಿಯೇ ಇದ್ದು ಸುಲಭವಾಗಿ ಕೈಗೆ ಸಿಕ್ಕುತ್ತದೆ. ಇನ್ನು ಕೆಲವಲ್ಲಿ ಅದು ತೊಟ್ಟಿಯೊಳಗೆ ಪಂಪಿನ ಮೇಲೆಯೇ ಕೂತಿರುವುದರಿಂದ ಎಣ್ಣೆ ಬಸಿದು ತೊಟ್ಟಿಯನ್ನು ಇಳಿಸಬೇಕು. ಇದು ಮನೆಯ ಅಂಗಳದಲ್ಲಿ ಮಾಡುವ ಕೆಲಸವಲ್ಲ. ಹೊರಗಿರುವುದನ್ನು ಬದಲಾಯಿಸುವ ಕ್ರಮ ಹೀಗೆ. ಎಂಜಿನ್ನು ಪೂರ್ತಿ ಆರಿದ ತರುವಾಯ ಬ್ಯಾಟರಿಯ ಋಣ ತಂತಿಯನ್ನು ಬಿಡಿಸಬೇಕು. ಕವಾಟದ ಸುತ್ತಲಿನ ಮಣ್ಣು ಜಿಡ್ಡನ್ನು ಒರಸಿ, ಬ್ರಷಿನಿಂದ ಉಜ್ಜಿ, ಅನಂತರವೇ ಸ್ಕ್ರೂಗೆ ಕೈಹಾಕಬೇಕು. ನಮ್ಮ ಕೆಂಪು ಧೂಳಿನ ಒಂದು ಚಿಟಿಕೆ ಆ ರಂಧ್ರದೊಳಗೆ ಬಿದ್ದರೆ ಹೊಸ ಕವಾಟಕ್ಕೂ ಹಳೆಯದರ ಗತಿಯೇ ಆಗುತ್ತದೆ. ತಂತಿಯ ಕೊಂಡಿಯನ್ನು ಅದುಮಿ ಬಿಡಿಸತಕ್ಕದ್ದು, ಜಗ್ಗಕೂಡದು. ಈ ಹಂತದಲ್ಲಿ ಸುರುಳಿಯ ತಡೆಯನ್ನು ಓಮ್ ಮಾಪಕದಿಂದ ಅಳೆದು ನೋಡಿದರೆ ರೋಗನಿರ್ಣಯಕ್ಕೆ ಇನ್ನೊಂದು ಸಾಕ್ಷಿ ದೊರೆಯುತ್ತದೆ.

ಹೊರತೆಗೆದ ಕವಾಟವನ್ನು ಬಿಳಿಯ ಬಟ್ಟೆಯ ಮೇಲೆ ಇಟ್ಟು ಬೆಳಕಿನಲ್ಲಿ ಪರೀಕ್ಷಿಸಬೇಕು. ಕಪ್ಪು ಜಿಡ್ಡು ಕಂಡರೆ ಎಣ್ಣೆ ಹಳೆಯದಾಗಿ ಕೆಟ್ಟಿದೆ. ಹೊಳೆಯುವ ಲೋಹದ ಚೂರುಗಳು ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಒಳಗಿನ ಬೇರಿಂಗುಗಳನ್ನು ನೋಡಿಸತಕ್ಕದ್ದು. ಆಗ ಹೊಸ ಕವಾಟ ಹಾಕುವುದು ಕೊಳೆತ ಬೇರಿನ ಗಿಡಕ್ಕೆ ಎಲೆಯ ಮೇಲೆ ಔಷಧಿ ಸಿಂಪಡಿಸಿದಂತೆ. ಹಳೆಯ ರಬ್ಬರು ಉಂಗುರ ರಂಧ್ರದಲ್ಲೇ ಉಳಿದಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಹೊಸ ಉಂಗುರಕ್ಕೆ ಶುದ್ಧವಾದ ಎಣ್ಣೆ ಸವರಿ ಕವಾಟವನ್ನು ಕೈಯಿಂದಲೇ ನೆಟ್ಟಗೆ ಕೂರಿಸಿ, ಸ್ಕ್ರೂವನ್ನು ಅಳತೆಯ ಪಾನೆಯಿಂದ ಬಿಗಿಯಬೇಕು. ಇಂಥ 6 ಮಿಲಿಮೀಟರಿನ ಸ್ಕ್ರೂಗಳಿಗೆ ಸಾಧಾರಣವಾಗಿ 8ರಿಂದ 10 ನ್ಯೂಟನ್ ಮೀಟರು ಬಿಗಿ ಸಾಕು. ಪುಸ್ತಕದಲ್ಲಿ ಹೇಳಿದ್ದೇ ಪ್ರಮಾಣ. ಅಲ್ಯೂಮಿನಿಯಮ್ಮಿನ ಮೈಯಲ್ಲಿ ತೋಳಿನ ಬಲ ತೋರಿಸಿದರೆ ಮರೆ ಕಿತ್ತುಬರುತ್ತದೆ.

ಅದೇ ದಿನ ಎಣ್ಣೆಯನ್ನೂ ಡಬ್ಬಿಯನ್ನೂ ಬದಲಾಯಿಸಬೇಕು. ಈ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಒಂದು ತಪ್ಪು ಅಭಿಪ್ರಾಯ ಬಲವಾಗಿ ಬೇರೂರಿದೆ. ದಪ್ಪ ಎಣ್ಣೆಯೇ ಎಂಜಿನ್ನಿಗೆ ಶಕ್ತಿಯೆಂದು ಭಾವಿಸಿ, ಟ್ರಾಕ್ಟರಿಗೆ ತಂದ ಡಬ್ಬಿಯಲ್ಲಿ ಉಳಿದ 15ಡಬ್ಲ್ಯು-40 ಎಣ್ಣೆಯನ್ನು 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಕೇಳುವ ಕಾರಿಗೆ ಸುರಿಯುತ್ತಾರೆ. ಟ್ರಾಕ್ಟರಿಗೆ ಅದು ಉತ್ತಮವಾದ ಎಣ್ಣೆಯೇ. ಆದರೆ ತೆಳುವಾದ ಎಣ್ಣೆಗೆಂದು ಕೊರೆದ ಕಿರುಗಾಲುವೆಗಳಲ್ಲಿ ಅದು ಮುಂಜಾನೆಯ ಚಳಿಯಲ್ಲಿ ನಿಧಾನವಾಗಿ ಹರಿಯುವುದರಿಂದ ಕವಾಟವು ಗಣಕದ ಅಪ್ಪಣೆಯನ್ನು ಸಕಾಲಕ್ಕೆ ನಡೆಸಲಾರದು. ಮನೆಯಿಂದ ತೋಟಕ್ಕೆ ಒಂದೆರಡು ಮೈಲಿ ಹೋಗಿ ನಿಲ್ಲುವ ಗಾಡಿಯಲ್ಲಿ ಎಂಜಿನ್ನು ಪೂರ್ತಿ ಬಿಸಿಯಾಗದೆ ತೇವವೂ ಇಂಧನವೂ ಎಣ್ಣೆಯಲ್ಲಿ ಸೇರಿ ಜಿಡ್ಡು ಬೇಗ ಕಟ್ಟುತ್ತದೆ. ಗಾಳಿ ಸೋಸುವ ಕಾಗದ ಧೂಳಿನಿಂದ ಹರಿದಿದ್ದರೆ ಮತ್ತಷ್ಟು ಬೇಗ. ಇಂಥ ಗಾಡಿಗಳಿಗೆ ಕಿಲೋಮೀಟರು ಲೆಕ್ಕ ತುಂಬುವವರೆಗೆ ಕಾಯದೆ, ಕಠಿಣ ಉಪಯೋಗಕ್ಕೆಂದು ತಯಾರಕರು ಹೇಳಿದ ಚಿಕ್ಕ ಅವಧಿಯನ್ನೇ ಅನುಸರಿಸುವುದು ಲೇಸು.

ಎಣ್ಣೆ ತುಂಬಿ ಬ್ಯಾಟರಿಯನ್ನು ಜೋಡಿಸಿದ ಮೇಲೆ ಎಂಜಿನ್ನನ್ನು ಚಾಲೂ ಮಾಡಿ, ವೇಗ ಹೆಚ್ಚಿಸದೆ ಕೆಂಪು ದೀಪವನ್ನು ನೋಡುತ್ತಿರಬೇಕು. ಕೆಲವೇ ಸೆಕೆಂಡುಗಳಲ್ಲಿ ಅದು ಆರತಕ್ಕದ್ದು. ಆರದಿದ್ದರೆ ಒಡನೆ ನಿಲ್ಲಿಸಬೇಕು. ಆರಿದರೆ ಕವಾಟದ ಸುತ್ತ ಎಣ್ಣೆ ಒಸರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಹಳೆಯ ಸಂಕೇತವನ್ನು ಅಳಿಸಿ, ಮಾಪಕವನ್ನು ಪುನಃ ಜೋಡಿಸಿ ಒತ್ತಡವು ಎರಡು ಮಟ್ಟಗಳ ನಡುವೆ ಬದಲಾಗುತ್ತಿದೆಯೇ ಎಂದು ಪರೀಕ್ಷಿಸಬೇಕು. ಹತ್ತಾರು ಕಿಲೋಮೀಟರು ಓಡಿಸಿ ತಂದು, ಸ್ವಲ್ಪ ಹೊತ್ತು ನಿಲ್ಲಿಸಿ, ಎಣ್ಣೆಯ ಮಟ್ಟವನ್ನು ಮತ್ತೊಮ್ಮೆ ನೋಡತಕ್ಕದ್ದು. ಕೆಲಸವನ್ನು ಬೇರೆಯವರಿಂದ ಮಾಡಿಸಿದ ಪಕ್ಷದಲ್ಲಿ ತೆಗೆದ ಹಳೆಯ ಕವಾಟವನ್ನು ಕೇಳಿ ಪಡೆದು, ರಸೀದಿಯ ಮೇಲೆ ತಾರೀಖನ್ನೂ ಆ ದಿನದ ಕಿಲೋಮೀಟರನ್ನೂ ಬರೆಯಿಸಿಕೊಳ್ಳಬೇಕು.

ಬಸಿದ ಹಳೆಯ ಎಣ್ಣೆಯನ್ನು ಬದುವಿಗೋ ಹಳ್ಳಕ್ಕೋ ಚೆಲ್ಲುವ ಪದ್ಧತಿ ಅಲ್ಲಲ್ಲಿ ಉಂಟು. ಅದರಲ್ಲಿ ಸೇರಿರುವ ಲೋಹ ಮತ್ತು ವಿಷಪದಾರ್ಥಗಳು ಮಳೆಯ ನೀರಿನೊಡನೆ ಬಾವಿಗೂ ಕೆರೆಗೂ ಇಳಿಯುತ್ತವೆ. ಮುಚ್ಚಳವುಳ್ಳ ಡಬ್ಬಿಯಲ್ಲಿ ಶೇಖರಿಸಿ, ಹಳೆಯ ಎಣ್ಣೆಯನ್ನು ಕೊಳ್ಳುವ ಅಧಿಕೃತ ಸಂಗ್ರಾಹಕರಿಗಾಗಲಿ, ಅವರಿಗೆ ಒಪ್ಪಿಸುವ ಮೋಟಾರು ಕಾರ್ಖಾನೆಗಾಗಲಿ ತಲುಪಿಸತಕ್ಕದ್ದು.