ಹಾಸಿಗೆ ಒದ್ದೆಯಾಗುವ ತೊಂದರೆ: ಮಕ್ಕಳಲ್ಲಿ, ಹಿರಿಯರಲ್ಲಿ

ನಂದಗುಡಿಯ ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರಲ್ಲಿ ಕೆಲವರು ಉಳಿದ ರೋಗಿಗಳೆಲ್ಲ ಹೋಗುವವರೆಗೆ ಕಾದು ಕುಳಿತು, ಕೊನೆಗೆ ದನಿ ತಗ್ಗಿಸಿ, "ಡಾಕ್ಟ್ರೇ, ಇವನಿಗೆ ಎಂಟು ವರ್ಷ, ಇನ್ನೂ ರಾತ್ರಿ ಹಾಸಿಗೆ ಒದ್ದೆ ಮಾಡ್ತಾನೆ" ಎನ್ನುತ್ತಾರೆ. ಕಳೆದ ಬೇಸಗೆಯಲ್ಲಿ ಹೀಗೆ ಬಂದ ಬಾಲಕನೊಬ್ಬನ ತೊಡೆಯ ಮೇಲೆ ಊದುಬತ್ತಿಯಿಂದ ಸುಟ್ಟ ಮೂರು ಗುರುತುಗಳಿದ್ದವು. ಹೆದರಿಸಿದರೆ ಬಿಡುತ್ತಾನೆಂದು ಮನೆಯ ಹಿರಿಯರೊಬ್ಬರು ಹಾಕಿದ ಬರೆ ಅದು. ತೊಂದರೆ ನಿಂತಿರಲಿಲ್ಲ; ಬಾಲಕನು ಮಲಗುವುದಕ್ಕೇ ಅಂಜುತ್ತಿದ್ದನು. ಆ ಗುರುತುಗಳನ್ನು ಕಂಡ ಮೇಲೆ ಈ ವಿಷಯವಾಗಿ ಬರೆಯಲೇಬೇಕೆಂದು ನಿಶ್ಚಯಿಸಿದೆವು.

ಶಾರ್ಙ್ಗಧರ ಸಂಹಿತೆಯು ಶಯ್ಯಾಮೂತ್ರವನ್ನು ಬಾಲರೋಗಗಳ ಸಾಲಿನಲ್ಲಿ ಎಣಿಸಿದೆ. ರೋಗವೆಂದರೇ ಹೊರತು ಮೊಂಡುತನವೆನ್ನಲಿಲ್ಲ. ಐದು ವರ್ಷದವರೆಗೆ ಇದು ಸಹಜ. ಐದು ತುಂಬಿದ ಮಕ್ಕಳಲ್ಲಿಯೂ 100ಕ್ಕೆ ಸುಮಾರು 15 ಮಂದಿಗೆ ಇರುತ್ತದೆ. ಅವರಲ್ಲಿ ಪ್ರತಿವರ್ಷ ಸುಮಾರು ಶೇಕಡಾ 15ರಷ್ಟು ಮಕ್ಕಳು ಔಷಧವಿಲ್ಲದೆಯೇ ಗುಣವಾಗುತ್ತಾರೆ. ರಾತ್ರಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ಹಾರ್ಮೋನು ಕೆಲವರಲ್ಲಿ ಸಾಕಷ್ಟು ಸ್ರವಿಸದು. ಕೆಲವರ ಮೂತ್ರಕೋಶ ಹಿಡಿಯುವುದು ಕಡಿಮೆ. ವಯಸ್ಸಿಗೆ ಒಂದನ್ನು ಕೂಡಿಸಿ 30ರಿಂದ ಗುಣಿಸಿದರೆ ಮಗುವಿನ ಮೂತ್ರಕೋಶ ಹಿಡಿಯಬೇಕಾದ ಅಂದಾಜು ದೊರೆಯುತ್ತದೆ. ಏಳು ವರ್ಷದ ಮಗುವಿಗೆ 240 ಮಿಲಿಲೀಟರು. ಮೂತ್ರಕೋಶ ತುಂಬಿದರೂ ನಿದ್ದೆಯಿಂದ ಎಚ್ಚರವಾಗದಿರುವುದು ಇವೆಲ್ಲಕ್ಕೂ ಸೇರಿಕೊಳ್ಳುತ್ತದೆ. ವಂಶದ ಪಾತ್ರವೂ ದೊಡ್ಡದು. ಬಯ್ಯುವ ತಂದೆಯನ್ನು "ತಮಗೆ ಎಷ್ಟನೆಯ ವಯಸ್ಸಿನಲ್ಲಿ ನಿಂತಿತು?" ಎಂದು ನಾವು ಕೇಳುವುದುಂಟು. ಅನೇಕರು ನಕ್ಕು ತಲೆ ತಗ್ಗಿಸುತ್ತಾರೆ.

ಮಲಬದ್ಧತೆಯನ್ನು ಮರೆಯುವಂತಿಲ್ಲ. ಗಟ್ಟಿಯಾದ ಮಲವು ಮೂತ್ರಕೋಶವನ್ನು ಒತ್ತುತ್ತದೆ; ಅಪಾನವಾಯುವಿನ ಗತಿ ಕೆಡುವುದೆಂದು ನಾವು ಹೇಳುವುದೂ ಇದನ್ನೇ. ಬೇಕರಿಯ ತಿನಿಸು ತಗ್ಗಿ, ಮುದ್ದೆ, ಸೊಪ್ಪಿನ ಸಾರು, ಹಣ್ಣು ಹೆಚ್ಚಿದೊಡನೆ ಹಾಸಿಗೆಯೂ ಒಣಗಿದ ಮಕ್ಕಳನ್ನು ಕಂಡಿದ್ದೇವೆ. ಚರಕಾಚಾರ್ಯರು ಮಲಮೂತ್ರದ ವೇಗವನ್ನು ತಡೆಯಬಾರದೆಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಶೌಚಾಲಯದ ದುರ್ವಾಸನೆಗೆ ಹೇಸಿ ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆದುಕೊಳ್ಳುವ ಹೆಣ್ಣುಮಕ್ಕಳ ವಿಷಯದಲ್ಲಿ ಶಾಲಾ ಸಮಿತಿಯವರು ಇದನ್ನು ನೆನೆಯಬೇಕು.

ಮಗುವಿಗೆ ನೀರನ್ನು ಹಗಲಿನಲ್ಲಿ ಧಾರಾಳವಾಗಿ ಕೊಟ್ಟು, ಸಂಜೆಯ ನಂತರ ತಗ್ಗಿಸಬೇಕು. ಸಂಜೆಯ ಟೀ ಬೇಡ. ಮಲಗುವ ಮುನ್ನ ಮೂತ್ರ ಮಾಡಿಸಬೇಕು. ಹಾಲು ಕರೆಯಲು ನಸುಕಿನಲ್ಲಿ ಏಳುವ ತಾಯಂದಿರು ಮಗುವನ್ನೂ ಎಬ್ಬಿಸುವುದುಂಟು. ಅದರಿಂದ ಹಾಸಿಗೆ ಉಳಿಯುತ್ತದೆ, ತೊಂದರೆ ಮಾತ್ರ ಗುಣವಾಗದು. ನಿದ್ದೆಗಣ್ಣಿನಲ್ಲಿ ಎತ್ತಿಕೊಂಡು ಹೋದರಂತೂ ಮಗು ಏನನ್ನೂ ಕಲಿಯದು. ಒಳಉಡುಪಿಗೆ ತೇವ ತಗುಲಿದೊಡನೆ ಸದ್ದು ಮಾಡುವ ಅಲಾರಂ ಉಪಕರಣವನ್ನು ಎರಡು ಮೂರು ತಿಂಗಳು ತಪ್ಪದೆ ಬಳಸಿದರೆ ಮೂವರಲ್ಲಿ ಇಬ್ಬರಿಗೆ ಗುಣ ಕಾಣುತ್ತದೆ. ಅಲೋಪತಿಯಲ್ಲಿ ಡೆಸ್ಮೋಪ್ರೆಸಿನ್ ಎಂಬ ಮಾತ್ರೆಯಿದೆ. ಅದನ್ನು ನುಂಗಿದ ರಾತ್ರಿ ಹೆಚ್ಚು ನೀರು ಕುಡಿಯುವುದು ಅಪಾಯ, ಆದುದರಿಂದ ವೈದ್ಯರ ಸಲಹೆಯಿಲ್ಲದೆ ಕೊಡಕೂಡದು. ಎಳ್ಳುಬೆಲ್ಲವನ್ನು ನಾವೂ ಹೇಳುತ್ತೇವೆ. ಆದರೆ ತಾನಾಗಿ ವಾಸಿಯಾಗುವ ತೊಂದರೆಯಲ್ಲಿ ಎಳ್ಳಿನಿಂದಲೇ ವಾಸಿಯಾಯಿತೆಂದು ಸಾರುವ ಧೈರ್ಯ ನಮಗಿಲ್ಲ.

ಆ ಎಳ್ಳುಬೆಲ್ಲವೇ ನಮಗೊಂದು ಪಾಠವನ್ನು ಕಲಿಸಿತು. ಅನೇಕ ವರ್ಷಗಳ ಹಿಂದೆ, ಒಂಬತ್ತು ವರ್ಷದ ಬಾಲಕಿಗೆ ನಿಂತುಹೋಗಿದ್ದ ತೊಂದರೆ ಮರುಕಳಿಸಿತೆಂದು ಕರೆತಂದರು. ಹೆಚ್ಚು ವಿಚಾರಿಸದೆ ಎಳ್ಳುಬೆಲ್ಲ ಹೇಳಿ ಕಳುಹಿಸಿದೆವು. ವಾರದ ನಂತರ ಅಜ್ಜಿ ಬಂದು, ಮಗು ಬಡವಾಗಿದೆ, ಚೊಂಬುಗಟ್ಟಲೆ ನೀರು ಕುಡಿಯುತ್ತದೆ, ಬಚ್ಚಲಿಗೆ ಇರುವೆ ಮುತ್ತುತ್ತಿವೆ ಎಂದರು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕರು ಪ್ರಮೇಹದ ಪೂರ್ವರೂಪಗಳಲ್ಲಿ ಹೇಳಿದ್ದಾರೆ. ಓದಿಯೂ ನಾವು ಕೇಳಿರಲಿಲ್ಲ. ಅಂದೇ ರಕ್ತ ಪರೀಕ್ಷೆ ಮಾಡಿಸಿ ಬೆಂಗಳೂರಿಗೆ ಕಳುಹಿಸಿದೆವು. ಇನ್ಸುಲಿನ್ನಿನಿಂದ ಮಗು ಉಳಿಯಿತು. ಆರು ತಿಂಗಳಾದರೂ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾದರೆ ಅಂದೇ ಮೂತ್ರ, ರಕ್ತಗಳ ಪರೀಕ್ಷೆಯಾಗಲಿ. ಉರಿಮೂತ್ರ, ಜ್ವರ, ಹಗಲಿನಲ್ಲಿಯೂ ಸೋರುವುದು, ಕಾಲುಗಳ ನಿಶ್ಶಕ್ತಿ ಇದ್ದರೂ ತಡ ಮಾಡಬಾರದು.

ವಯಸ್ಕರಲ್ಲಿ ಹೊಸದಾಗಿ ಆರಂಭವಾದರೆ ಕಾರಣವನ್ನು ಹುಡುಕಲೇಬೇಕು. ಮಧುಮೇಹ, ಮೂತ್ರದ ಸೋಂಕು, ಪಾರ್ಶ್ವವಾಯು, ನಿದ್ದೆಯ ಮಾತ್ರೆ, ಮದ್ಯ, ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ, ಇವೆಲ್ಲ ಕಾರಣಗಳಾಗಬಲ್ಲವು. ವೃದ್ಧರೊಬ್ಬರು ಮಗಳ ಮನೆಯಲ್ಲಿ ತಂಗುವುದನ್ನೇ ಬಿಟ್ಟಿದ್ದರು. ಪರೀಕ್ಷಿಸಿದಾಗ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರದ ಹಾದಿ ಕಟ್ಟಿ, ತುಂಬಿದ ಕೊಡ ಚೆಲ್ಲುವಂತೆ ಸೋರುತ್ತಿತ್ತು. ಹೀಗೆಯೇ ಬಿಟ್ಟರೆ ಮೂತ್ರಪಿಂಡಗಳಿಗೆ ಹಾನಿ. ನೀರು ಕುಡಿಯುವುದನ್ನೇ ನಿಲ್ಲಿಸುವುದು, ರಕ್ತದೊತ್ತಡದ ಮಾತ್ರೆಯನ್ನು ತಾವಾಗಿ ಬಿಡುವುದು ಇನ್ನೂ ಕೆಟ್ಟದ್ದು. ಮೈಲಿಗೆಯಾಯಿತೆಂದು ಲಿಂಗಪೂಜೆಯನ್ನು ಬಿಟ್ಟ ತಾಯಿಯೊಬ್ಬರಿಗೆ, ಲಿಂಗಧಾರಿಗೆ ಸೂತಕವಿಲ್ಲವೆಂದ ಶರಣರ ಮಾತನ್ನು ನಾವೇ ನೆನಪಿಸಬೇಕಾಯಿತು.

ಜೂನಿನಲ್ಲಿ ಮಕ್ಕಳನ್ನು ಮಠಗಳ ಉಚಿತ ಪ್ರಸಾದ ನಿಲಯಗಳಿಗೆ ಸೇರಿಸುವ ಪೋಷಕರು ಈ ತೊಂದರೆಯಿದ್ದರೆ ನಿಲಯಪಾಲಕರಿಗೆ ಮೊದಲೇ, ಗುಟ್ಟಾಗಿ ತಿಳಿಸಲಿ. ಪೆಟ್ಟಿಗೆಯಲ್ಲಿ ಒಂದು ರಬ್ಬರ್ ಶೀಟು, ಎರಡು ಹೆಚ್ಚಿನ ಹೊದಿಕೆ ಇರಲಿ. ಪಾಲಕರು ಉಳಿದ ಮಕ್ಕಳು ಏಳುವ ಮುನ್ನವೇ ಅವನನ್ನು ಎಬ್ಬಿಸಿ ಬಟ್ಟೆ ಬದಲಿಸಲು ಬಿಡಲಿ. ಬರೆ ಹಾಕಿಸಿಕೊಂಡ ಆ ಬಾಲಕನು ಈಗ ಒಣಗಿದ ರಾತ್ರಿಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸುತ್ತಾನೆ. ಕಳೆದ ತಿಂಗಳು 19 ಗುರುತುಗಳಿದ್ದವು.