ಕೃತಕ ಕಾಲೂ ನಮ್ಮ ನೆಲವೂ

ಯುದ್ಧದಲ್ಲಿಯೋ ಅಪಘಾತದಲ್ಲಿಯೋ ಕೈಕಾಲು ಕಳೆದುಕೊಂಡವರ ಸಂಗತಿ ಚರಿತ್ರೆಯ ಆಕರಗಳಲ್ಲಿ ವಿರಳವಲ್ಲ. ಆದರೆ ಹಾಗೆ ಕಳೆದುಕೊಂಡವನು ಮುಂದೆ ಹೊಸ್ತಿಲನ್ನು ಹೇಗೆ ದಾಟಿದನು, ಊಟಕ್ಕೆ ಹೇಗೆ ಕುಳಿತನು ಎಂಬುದನ್ನು ಅವು ಹೇಳುವುದು ತೀರ ಅಪರೂಪ. ಕೆಲವು ವರ್ಷಗಳ ಹಿಂದೆ, ರಸ್ತೆಯ ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದ ವಿದ್ಯಾರ್ಥಿಯೊಬ್ಬನು ಕೃತಕ ಕಾಲು ಧರಿಸಿ ನನ್ನ ತರಗತಿಗೆ ಮರಳಿದನು. ಕಾಲು ಬಂದಿತಲ್ಲ, ಇನ್ನೇನು ಚಿಂತೆ ಎಂದು ನಾನು ಸಮಾಧಾನದ ಮಾತಾಡಿದೆನು. “ಕಾಲು ಬಂತ್ರಿ ಸರ, ನಡಿಗಿ ಇನ್ನೂ ಬಂದಿಲ್ಲ” ಎಂದು ಆತನು ಉತ್ತರಿಸಿದನು. ಕಾಲು ಬರುವುದಕ್ಕೂ ನಡಿಗೆ ಬರುವುದಕ್ಕೂ ನಡುವೆ ಇರುವ ಅಂತರವೆಷ್ಟು, ಅದನ್ನು ತುಂಬುವವರು ಯಾರು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಕೃತಕ ಕಾಲಿನ ಕಲ್ಪನೆ ನಮ್ಮಲ್ಲಿ ಬಹು ಪ್ರಾಚೀನವಾದುದು. ಋಗ್ವೇದದ ಮೊದಲನೆಯ ಮಂಡಲದಲ್ಲಿ, ಅಶ್ವಿನೀದೇವತೆಗಳು ವಿಶ್ಪಲೆಗೆ ಲೋಹದ ಕಾಲನ್ನು ಕೊಟ್ಟರೆಂಬ ಉಲ್ಲೇಖವಿದೆ. 14ನೆಯ ಶತಮಾನದಲ್ಲಿ ವಿಜಯನಗರದ ಅರಸರ ಆಶ್ರಯದಲ್ಲಿ ವೇದಗಳಿಗೆ ಭಾಷ್ಯ ಬರೆದ ಸಾಯಣಾಚಾರ್ಯರು ಈ ಪ್ರಸಂಗವನ್ನು ವಿವರಿಸಿದ್ದಾರೆ. ವಿಶ್ಪಲೆಯು ಖೇಲನೆಂಬ ರಾಜನ ಸಂಬಂಧಿ. ಯುದ್ಧದಲ್ಲಿ ಆಕೆಯ ಕಾಲು ಕಡಿದುಹೋಯಿತು. ಪುರೋಹಿತನಾದ ಅಗಸ್ತ್ಯನ ಸ್ತುತಿಗೆ ಮೆಚ್ಚಿ ಅಶ್ವಿನಿಗಳು ರಾತ್ರಿ ಬಂದು ಕಾಲನ್ನು ಜೋಡಿಸಿದರು ಎಂಬುದು ಅವರ ವಿವರಣೆ. ವಿಶ್ಪಲೆ ಸ್ತ್ರೀಯಲ್ಲ, ಪಂದ್ಯದ ಕುದುರೆಯೆಂದು ವಾದಿಸಿದ ಪಾಶ್ಚಾತ್ಯ ಪಂಡಿತರೂ ಉಂಟು. ಆ ವಾದವು ಹೇಗೇ ಇರಲಿ, ಇಲ್ಲಿ ನಾವು ಗಮನಿಸತಕ್ಕ ಅಂಶ ಬೇರೆ. ದೇವತೆಗಳು ಜೋಡಿಸಿದ ಕಾಲು ಒಂದೇ ರಾತ್ರಿಯಲ್ಲಿ ನಡೆಯುತ್ತದೆ. ಮನುಷ್ಯರು ಜೋಡಿಸಿದ ಕಾಲು ಹಾಗೆ ನಡೆಯುವುದಿಲ್ಲ.

ಏಕೆ ನಡೆಯುವುದಿಲ್ಲವೆಂಬುದನ್ನು ಮೊದಲು ದೇಹದ ಕಡೆಯಿಂದ ನೋಡೋಣ. ಶಸ್ತ್ರಕ್ರಿಯೆಯ ತರುವಾಯ ಉಳಿದ ಮೋಟುಗಾಲು ಊದಿಕೊಂಡಿರುತ್ತದೆ. ಅದಕ್ಕೆ ಪಟ್ಟಿ ಸುತ್ತಿ ಆಕಾರಕ್ಕೆ ತರಬೇಕು. ಕೀಲು ಮಡಿಚಿಕೊಂಡೇ ಬಿಗಿದುಹೋಗದಂತೆ ವ್ಯಾಯಾಮ ಮಾಡಿಸಬೇಕು. ಕೆಳಗೆ ದಿಂಬಿಟ್ಟುಕೊಂಡು ಮಲಗುವುದು ಹಿತವೆನಿಸಿದರೂ ಅದರಿಂದ ಕೇಡೇ ಹೆಚ್ಚು. ಮೊದಲನೆಯ ವರ್ಷದಲ್ಲಿ ಮೋಟುಗಾಲು ಸೊರಗುತ್ತ ಹೋಗುವುದರಿಂದ, ಅದು ಕೂಡುವ ಸಾಕೆಟ್ಟು ಸಡಿಲವಾಗುತ್ತದೆ. ಕಾಲುಚೀಲದ ಪದರಗಳನ್ನು ಹೆಚ್ಚಿಸುತ್ತ, ಕೊನೆಗೆ ಸಾಕೆಟ್ಟನ್ನೇ ಬದಲಿಸಬೇಕಾಗುತ್ತದೆ. ಚರ್ಮ ಕೆಂಪಾಗಿದೆಯೋ ಹುಣ್ಣಾಗಿದೆಯೋ ಎಂದು ದಿನವೂ ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಮಧುಮೇಹದಿಂದ ಕಾಲು ಕಳೆದುಕೊಂಡವರಿಗಂತೂ ಇದು ಅನಿವಾರ್ಯ.

ಶ್ರಮದ ಲೆಕ್ಕವೂ ಬೇರೆಯೇ. ಮೊಣಕಾಲಿನ ಕೆಳಗೆ ಕಾಲು ಹೋದವನು ಅಷ್ಟೇ ದೂರವನ್ನು ಕ್ರಮಿಸಲು ಇತರರಿಗಿಂತ ಸುಮಾರು ನಾಲ್ಕನೆಯ ಒಂದು ಪಾಲು ಹೆಚ್ಚು ಶಕ್ತಿಯನ್ನು ವ್ಯಯಿಸುತ್ತಾನೆ; ಮೊಣಕಾಲಿನ ಮೇಲೆ ಹೋಗಿದ್ದರೆ ಅರ್ಧಕ್ಕಿಂತಲೂ ಹೆಚ್ಚು. ಇದರ ಜೊತೆಗೆ ಇಲ್ಲದ ಪಾದದಲ್ಲಿ ನೋವು, ತುರಿಕೆ ತೋರುವುದುಂಟು. 16ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರಾಸ್ ಪಾರೆ ಇದನ್ನು ವರ್ಣಿಸಿದ್ದಾನೆ. ಇದು ಭ್ರಮೆಯೂ ಅಲ್ಲ, ನಟನೆಯೂ ಅಲ್ಲ. ಮಿದುಳಿನಲ್ಲಿ ಆ ಪಾದದ ಚಿತ್ರ ಇನ್ನೂ ಅಳಿಯದೆ ಉಳಿದಿರುವುದರ ಫಲ. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಎರಡೂ ಕಾಲುಗಳಿವೆಯೆಂದೇ ಎದ್ದು ನಿಂತು ಬಿದ್ದವರು ಅನೇಕರಿದ್ದಾರೆ.

ದೇಹದಷ್ಟೇ ಮುಖ್ಯವಾದುದು ನೆಲ. ಭಾರತದಲ್ಲಿ ಕೃತಕ ಅವಯವಗಳ ವ್ಯವಸ್ಥಿತ ತಯಾರಿಕೆಗೆ ದೊಡ್ಡ ಪ್ರೇರಣೆ ದೊರೆತುದು ಎರಡನೆಯ ಮಹಾಯುದ್ಧದಿಂದ. ಗಾಯಗೊಂಡ ಸೈನಿಕರಿಗಾಗಿ 1944ರಲ್ಲಿ ಪುಣೆಯಲ್ಲಿ ಕೃತಕ ಅವಯವ ಕೇಂದ್ರವು ಸ್ಥಾಪಿತವಾಯಿತು. ಆ ಕಾಲದ ಪಾಶ್ಚಾತ್ಯ ಮಾದರಿಯ ಪಾದಗಳು ಬೂಟು ಹಾಕಿ, ಕುರ್ಚಿಯ ಮೇಲೆ ಕುಳಿತು, ಸಮತಟ್ಟಾದ ಹಾದಿಯಲ್ಲಿ ನಡೆಯುವವನಿಗಾಗಿ ರೂಪುಗೊಂಡವು. ನಮ್ಮ ರೈತನಾದರೋ ಕೆಸರಿನಲ್ಲಿ ನಡೆಯುವವನು, ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುವವನು, ಗುಡಿಯ ಬಾಗಿಲಲ್ಲಿ ಕೆರವು ಕಳಚುವವನು. ಬೂಟಿನ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿದ ಪಾದವನ್ನು ಬರಿದಾಗಿ ನೆಲಕ್ಕೆ ಊರಿದರೆ ಮೈ ಹಿಂದಕ್ಕೆ ವಾಲುತ್ತದೆ. ಆದಕಾರಣ ಅನೇಕರು ಬೆಲೆಬಾಳುವ ಕಾಲನ್ನು ಮೂಲೆಗಿಟ್ಟು ಊರುಗೋಲನ್ನೇ ಹಿಡಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈ ಕೊರತೆಯನ್ನು ಕಂಡು ಪರಿಹಾರ ಹುಡುಕಿದವರು ಜಯಪುರದ ಇಬ್ಬರು. ಒಬ್ಬರು ಮೂಳೆವೈದ್ಯ ಡಾ. ಪಿ. ಕೆ. ಸೇಠಿ, ಇನ್ನೊಬ್ಬರು ಶಾಲೆಯ ವಿದ್ಯೆ ಅಲ್ಪವಾಗಿದ್ದರೂ ಕೈಗೆಲಸದಲ್ಲಿ ನಿಪುಣರಾದ ಶಿಲ್ಪಿ ರಾಮಚಂದ್ರ ಶರ್ಮಾ. 1960ರ ದಶಕದ ಕೊನೆಯಲ್ಲಿ ಇವರು ರಬ್ಬರಿನಿಂದ ರೂಪಿಸಿದ ಪಾದವು ಕಣ್ಣಿಗೆ ಪಾದದಂತೆಯೇ ಕಾಣುತ್ತಿತ್ತು. ಬರಿಗಾಲಲ್ಲಿ ನಡೆಯಲು, ನೀರಿನಲ್ಲಿ ಇಳಿಯಲು, ಕುಕ್ಕರಗಾಲಲ್ಲಿ ಕೂಡಲು ಅನುಕೂಲವಾಗಿತ್ತು. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಮೊಣಕಾಲಿನ ಮೇಲೆ ಕಾಲು ಹೋದವರಿಗೆ ನೆಲದ ಮೇಲೆ ಕೂಡುವುದು ಇಂದಿಗೂ ಕಷ್ಟವೇ ಎಂಬುದನ್ನು ಮರೆಯಲಾಗದು. ಆದರೂ ಮನುಷ್ಯನನ್ನು ಕಾಲಿಗೆ ಹೊಂದಿಸುವ ಬದಲು ಕಾಲನ್ನು ಮನುಷ್ಯನ ನೆಲಕ್ಕೆ ಹೊಂದಿಸಿದುದೇ ಈ ಪ್ರಯತ್ನದ ಹಿರಿಮೆ.

ನಮ್ಮ ಅವಳಿ ನಗರವು ಈ ಪರಂಪರೆಯಿಂದ ದೂರ ಉಳಿದಿಲ್ಲ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯು ಜನರ ಬಾಯಲ್ಲಿ ‘ಕಿಮ್ಸ್’ ಎಂದೇ ಪ್ರಸಿದ್ಧವಾಗಿದೆ. ಅದರ ಆವರಣದಲ್ಲಿ ಅಖಿಲ ಭಾರತ ಜೈನ ಯುವ ಫೆಡರೇಶನ್ನು ನಡೆಸುತ್ತ ಬಂದಿರುವ ಮಹಾವೀರ ಲಿಂಬ್ ಸೆಂಟರು, ಬಡವರಿಗೆ ಕೃತಕ ಅವಯವಗಳನ್ನು ಉಚಿತವಾಗಿ ಒದಗಿಸಿದೆ. ಹೀಗೆ ಕಾಲು ದೊರೆಯುವ ದಾರಿ ಹಿಂದಿಗಿಂತ ಸುಗಮವಾಗಿದೆ. ದುರ್ಗಮವಾಗಿ ಉಳಿದಿರುವುದು ಅದರ ಮುಂದಿನ ದಾರಿ.

ಆ ದಾರಿಯನ್ನು ನಾವು ಕಾಣದಿರುವುದಕ್ಕೆ ಒಂದು ಕಾರಣ, ಜಯವನ್ನಷ್ಟೇ ನೆನಪಿಡುವ ನಮ್ಮ ರೂಢಿ. ನರ್ತಕಿ ಸುಧಾ ಚಂದ್ರನ್ ಅವರು 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡು, 1984ರಲ್ಲಿ ಜಯಪುರದ ಪಾದ ಧರಿಸಿ ಮತ್ತೆ ರಂಗವೇರಿದರು. ಆ ಒಂದು ಸಂಜೆ ಎಲ್ಲರಿಗೂ ನೆನಪಿದೆ. ಅದರ ಹಿಂದಿನ ಎರಡು ವರ್ಷಗಳಿಗೂ ಮಿಕ್ಕಿದ ಅವಧಿಯನ್ನು ಯಾರೂ ಎಣಿಸುವುದಿಲ್ಲ. ಚರಿತ್ರೆಯ ವಿದ್ಯಾರ್ಥಿಗಳಾದ ನಾವಾದರೂ ಅದನ್ನು ಎಣಿಸುವುದು ಯುಕ್ತ.

ನಾನೂ ಎಣಿಸಿರಲಿಲ್ಲವೆಂದು ಇಲ್ಲಿ ಒಪ್ಪಿಕೊಳ್ಳಬೇಕು. ಮೇಲೆ ಹೇಳಿದ ವಿದ್ಯಾರ್ಥಿಯ ಹಾಜರಿ ತಿಂಗಳಿಂದ ತಿಂಗಳಿಗೆ ಇಳಿಯಿತು. ಉತ್ಸಾಹ ಕುಂದಿತೆಂದು ನಾನು ಬಗೆದೆನು. ಒಮ್ಮೆ ಗದರಿಸಿದ್ದೂ ಉಂಟು. ತರಗತಿ ಮಹಡಿಯ ಮೇಲಿತ್ತು. ಗಂಟೆ ಬಾರಿಸಿದೊಡನೆ ಇಳಿದು ಬರುವ ಗುಂಪಿನ ಎದುರು ಆತನು ಹತ್ತಬೇಕಾಗಿತ್ತು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು ಎಂಬ ಪಾಠವನ್ನು ಆತನು ಕಲಿತಿದ್ದನು. ಅದನ್ನು ಆಚರಿಸಲು ಬೇಕಾದ ಎರಡು ನಿಮಿಷಗಳನ್ನು ನಾವು ಕೊಟ್ಟಿರಲಿಲ್ಲ. ತರಗತಿಯನ್ನು ನೆಲಮಹಡಿಗೆ ತಂದುದು ವೇಳಾಪಟ್ಟಿಯಲ್ಲಿ ಒಂದು ಸಾಲಿನ ತಿದ್ದುಪಡಿಯಷ್ಟೆ. ಅದು ಆಗುವ ಹೊತ್ತಿಗೆ ಆತನ ಅರ್ಧ ವರ್ಷ ಕಳೆದುಹೋಗಿತ್ತು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು, ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ, ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರಿಗೆ ಶೇಕಡ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಕಾಯ್ದಿರಿಸಿದೆ. ಕಾಯಿದೆಯು ಬಾಗಿಲನ್ನು ತೆರೆಯಬಲ್ಲುದು. ಯಾವ ಕೋಣೆಯಲ್ಲಿ ಪಾಠ, ಎಷ್ಟು ಹೊತ್ತಿಗೆ ಹಾಜರಿ, ಯಾವ ಬೆಂಚಿನ ಪಕ್ಕದಲ್ಲಿ ಕಾಲು ಚಾಚಲು ಎಡೆ ಎಂಬುದನ್ನು ನಿರ್ಧರಿಸಬೇಕಾದವರು ಅಧ್ಯಾಪಕರೇ. ಸಹಪಾಠಿಗಳ ಪಾಲೂ ಇದರಲ್ಲಿದೆ: ಕೇಳದೆ ತೋಳು ಹಿಡಿದೆಳೆದರೆ ಆತನ ಸಮತೋಲ ತಪ್ಪುತ್ತದೆ, ಪಕ್ಕದಲ್ಲಿ ನಿಧಾನವಾಗಿ ನಡೆದರೆ ಸಾಕು.

ಕೃತಕ ಕಾಲನ್ನು ಮಾಡುವವನು ಕುಶಲಕರ್ಮಿ, ನಡಿಗೆಯನ್ನು ಕಲಿಯುವವನು ಅದನ್ನು ಧರಿಸಿದವನು. ಆದರೆ ಆ ನಡಿಗೆ ಸಾಗಬೇಕಾದ ನೆಲ ನಮ್ಮೆಲ್ಲರಿಗೆ ಸೇರಿದುದು. ಅದನ್ನು ಹದಗೊಳಿಸುವ ಹೊಣೆಯೂ ನಮ್ಮದೇ ಆಗಿದೆ.