ಪ್ರೊಸೆಸರ್ ವೇಗ ಹೆಚ್ಚಿಸುವ ಮುನ್ನ

ಸೋನ್ಯಾಳದಂಥ ಊರಿನಲ್ಲಿ, ಮನೆಗೊಂದೇ ಕಂಪ್ಯೂಟರ್ ಇರುವಲ್ಲಿ, ಅದು ಕೆಟ್ಟರೆ ಮಕ್ಕಳ ಅಭ್ಯಾಸವೇ ನಿಲ್ಲುತ್ತದೆ. ಆದ್ದರಿಂದ ಓವರ್‌ಕ್ಲಾಕಿಂಗ್, ಅಂದರೆ ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದು, ಅರಿತು ಮಾಡಬೇಕಾದ ಕೆಲಸ.

ಇದು ಎಲ್ಲ ಪ್ರೊಸೆಸರ್‌ಗಳಿಗೂ ಸಾಧ್ಯವಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುವ ಪ್ರೊಸೆಸರ್, ‘ಝಡ್’ ಸರಣಿಯ ಮದರ್‌ಬೋರ್ಡ್ ಬೇಕು. ಎಎಂಡಿ ರೈಜನ್‌ನ ಬಹುತೇಕ ಮಾದರಿಗಳಿಗೆ ‘ಬಿ’ ಸರಣಿಯದು ಸಾಕು.

ಬೇಸ್ ಕ್ಲಾಕ್ ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಮಲ್ಟಿಪ್ಲೈಯರ್ 36 ಇದ್ದರೆ ವೇಗ 3.6 ಗಿಗಾಹರ್ಟ್ಸ್. ಬಯೋಸ್‌ನಲ್ಲಿ ಮಲ್ಟಿಪ್ಲೈಯರನ್ನು ಒಂದೊಂದೇ ಅಂಕ ಏರಿಸಿ, ಪ್ರತಿ ಸಲವೂ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಉಷ್ಣತೆ ನೋಡಬೇಕು. 85 ಡಿಗ್ರಿ ದಾಟಿದರೆ ಹಿಂದೆ ಸರಿಯಬೇಕು. ವೋಲ್ಟೇಜನ್ನು ಮುಟ್ಟದಿರುವುದೇ ಲೇಸು: ವೇಗ, ವೋಲ್ಟೇಜ್ ಎರಡನ್ನೂ ಶೇ. 10ರಷ್ಟು ಏರಿಸಿದರೆ ಶಾಖ ಸುಮಾರು ಶೇ. 33ರಷ್ಟು ಹೆಚ್ಚುತ್ತದೆ.

ನಮ್ಮ ಬೇಸಿಗೆಯ ಲೆಕ್ಕವೇ ಬೇರೆ. ಕೋಣೆ 22 ಡಿಗ್ರಿ ಇದ್ದಾಗ 70 ತೋರಿಸಿದ ಪ್ರೊಸೆಸರ್, ಕೋಣೆ 38ಕ್ಕೇರಿದಾಗ ಅದೇ ಕೆಲಸಕ್ಕೆ ಸುಮಾರು 86 ತೋರಿಸೀತು. ಚಳಿಗಾಲದ ಪರೀಕ್ಷೆಯನ್ನು ನಂಬಬಾರದು. ಫ್ಯಾನಿನ ಧೂಳನ್ನಂತೂ ಮೊದಲೇ ತೆಗೆಯಬೇಕು.

ಯಂತ್ರ ಆರಂಭವಾಗದಿದ್ದರೆ ವಿದ್ಯುತ್ ತಂತಿ ಕಳಚಿ, ಮದರ್‌ಬೋರ್ಡಿನ ಚಿಕ್ಕ ಸೆಲ್ಲನ್ನು ಕೆಲ ನಿಮಿಷ ತೆಗೆದಿಟ್ಟರೆ ಸಾಮಾನ್ಯವಾಗಿ ಮೂಲ ಹೊಂದಿಕೆ ಮರಳುತ್ತದೆ. ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರವಾದರೆ ಈ ಗೋಜಿಗಿಂತ ಎಸ್‌ಎಸ್‌ಡಿ ಹಾಕಿಸುವುದೇ ಹೆಚ್ಚು ಉಪಯುಕ್ತ.